ವೈರಿಲ್ಲದ ಮೈಕು ಬಂದ ವರ್ಷ

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಾವು ಶಿಡ್ಲಘಟ್ಟದಲ್ಲಿದ್ದೆವು. ನನ್ನ ಯಜಮಾನರು ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಆದರೆ ಊರಿನಲ್ಲಿ ಅವರ ಹೆಸರು ಹರಡಿದ್ದು ಪಾಠದಿಂದಲ್ಲ, ಧ್ವನಿಯಿಂದ. ಶಾಲೆಯ ಸಮಾರಂಭವಿರಲಿ, ರೇಷ್ಮೆ ಬೆಳೆಗಾರರ ಸಭೆಯಿರಲಿ, ಸ್ವಾಗತಕ್ಕೂ ವಂದನಾರ್ಪಣೆಗೂ ಅವರೇ ಬೇಕು. ಮೈಕಿನ ಮುಂದೆ ನಿಂತು ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಕಡಲೆಕಾಯಿ ತಿನ್ನುತ್ತಿದ್ದವರೂ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೂ ಹಾಗೆಯೇ ಕೇಳಿದವಳು. ಇಷ್ಟು ಒಳ್ಳೆಯ ಕನ್ನಡ ಆಡುವವರು ಮನೆಗೆ ಬಂದು ನನ್ನೊಡನೆ ಉಪ್ಪು ಹುಳಿಯ ಮಾತಾಡುತ್ತಾರಲ್ಲ ಎಂದು ಹೆಮ್ಮೆ.

ನನ್ನ ತವರು ದಿಬ್ಬೂರಹಳ್ಳಿಯಿಂದ ಆಚೆ. ಹೊಲಮನೆ ಇದ್ದ ಕುಟುಂಬ, ಮನೆಮಾತು ತೆಲುಗು. ಯಜಮಾನರ ಕಡೆಯವರದು ಕನ್ನಡ. ಜಾತಿ ಒಂದೇ ಆದ್ದರಿಂದ ಮಾತಿನ ವಿಚಾರವನ್ನು ಯಾರೂ ಎತ್ತಿರಲಿಲ್ಲ. ನಾನು ಓದಿದ್ದು ಕನ್ನಡ ಶಾಲೆಯಲ್ಲೇ. ಬರೆದರೆ ತಪ್ಪಾಗುತ್ತಿರಲಿಲ್ಲ, ಆಡಿದರೆ ಆಗುತ್ತಿತ್ತು. ತೆಲುಗಿನಲ್ಲಿ ಅಕ್ಕ ಬಂದರೂ ಎತ್ತಿನ ಗಾಡಿ ಬಂದರೂ ಕ್ರಿಯಾಪದ ಒಂದೇ. ಆ ಅಭ್ಯಾಸದಲ್ಲಿ ಕನ್ನಡದಲ್ಲೂ 'ಅತ್ತೆ ಬಂತು', 'ಅಕ್ಕ ಹೋಯ್ತು' ಎಂದುಬಿಡುತ್ತಿದ್ದೆ. ಯಜಮಾನರು ಮೊದಮೊದಲು ನಗುತ್ತಿದ್ದರು, ಆಮೇಲೆ ತಿದ್ದತೊಡಗಿದರು, ಆಮೇಲೆ ಅದನ್ನೂ ಬಿಟ್ಟರು. ಬಿಟ್ಟದ್ದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಊರಿಗೆಲ್ಲ ಮೈಕು ಸೆಟ್ಟು ಒದಗಿಸುತ್ತಿದ್ದವರು ಒಬ್ಬ ಸಾಹೇಬರು. ರೇಷ್ಮೆ ನೂಲಿನ ಕೆಲಸ ಮಾಡುವ ಮನೆತನ ಅವರದು. ಐವತ್ತರ ದಶಕದಲ್ಲೇ ಅವರು ಬೆಂಗಳೂರಿನಿಂದ ಚಿಕ್ಕ ರೈಲಿನಲ್ಲಿ, ಮಡಿಲಲ್ಲಿ ಇಟ್ಟುಕೊಂಡು, ಮೊದಲನೆಯ ಆಂಪ್ಲಿಫೈಯರ್ ತಂದಿದ್ದರಂತೆ. ಅದರೊಳಗೆ ಗಾಜಿನ ವಾಲ್ವುಗಳು. ಸ್ವಿಚ್ಚು ಹಾಕಿದ ಮೇಲೆ ಅವು ಕಾದು ಕೆಂಪಗಾಗುವವರೆಗೆ ಕಾಯಬೇಕು, ಆಮೇಲೆಯೇ ಧ್ವನಿ. ಮದುವೆ ಮನೆಯ ಮಾಳಿಗೆಯ ಮೇಲೆ, ಶಾಲೆಯ ಹೊಂಗೆ ಮರದಲ್ಲಿ, ಎತ್ತಿನ ಗಾಡಿಯ ನೊಗಕ್ಕೆ, ಅವರು ಲೌಡ್‌ಸ್ಪೀಕರಿನ ಹಾರ್ನು ಕಟ್ಟದ ಜಾಗವಿರಲಿಲ್ಲ. ಆದರೆ ಈಗೀಗ ಕಾಲ ಬೇರೆಯಾಗಿತ್ತು. ಚಿಂತಾಮಣಿಯಲ್ಲಿ, ಚಿಕ್ಕಬಳ್ಳಾಪುರದಲ್ಲಿ ಹುಡುಗರು ಹೊಸ ಟ್ರಾನ್ಸಿಸ್ಟರ್ ಸೆಟ್ಟು ಇಟ್ಟುಕೊಂಡು ಮೈಕಿನ ಅಂಗಡಿ ತೆರೆದಿದ್ದರು. ಅವರದು ಹಗುರ. ಕರೆಂಟು ಹೋದರೂ ಕಾರಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಶಿಡ್ಲಘಟ್ಟದ ಕೆಲಸಗಳೂ ಒಂದೊಂದಾಗಿ ಅವರ ಕೈಗೆ ಹೋಗತೊಡಗಿದ್ದವು.

ಅದಕ್ಕೇ ಸಾಹೇಬರು ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಯಾರೂ ನೋಡಿರದ ಒಂದನ್ನು ತಂದರು: ವೈರಿಲ್ಲದ ಮೈಕು. ಹೊರದೇಶದ್ದು, ಬೆಂಗಳೂರಿನ ಪರಿಚಯದವರೊಬ್ಬರ ಮೂಲಕ ಬಂದಿದ್ದು. ಯಜಮಾನರು ಹಿಂದಿನ ದಿನವೇ ಹೋಗಿ ನೋಡಿ ಬಂದು ಮಗುವಿನ ಹಾಗೆ ಹೇಳಿದರು.

"ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಕಣೇ. ಜೇಬಲ್ಲಿ ಹಾಕ್ಕೊಂಡು, ಮೈಕನ್ನ ತಾಳಿ ಥರ ಕೊರಳಿಗೆ ನೇತುಹಾಕ್ಕೊಳ್ಳೋದು. ಮಾತು ಗಾಳೀಲೇ ಹೋಗಿ ಅವರ ಪೆಟ್ಟಿಗೆಗೆ ಸೇರುತ್ತೆ, ಅಲ್ಲಿಂದ ಹಾರ್ನಿಗೆ. ನಿಂತಲ್ಲೇ ನಿಲ್ಲಬೇಕು ಅಂತಿಲ್ಲ. ನಾಳೆ ನೀನೂ ಬಾ, ನೋಡುವಂತೆ."

ಅವರೇ ಕರೆದಿದ್ದರು. ಅದನ್ನು ಹೇಳಬೇಕು ಎಂದೇ ಹೇಳುತ್ತಿದ್ದೇನೆ.

ನಾನು ಮದುವೆಯ ಸೀರೆ ಉಟ್ಟುಕೊಂಡು ಹೋದೆ. ಬಿಸಿಲು ಇಳಿಯುವ ಹೊತ್ತು. ಮೈದಾನದಲ್ಲಿ ಹೆಂಗಸರಿಗೆ ಒಂದು ಕಡೆ ಜಮಖಾನ ಹಾಸಿದ್ದರು. ನನ್ನ ಪಕ್ಕದಲ್ಲಿ ಕೂತವರು ಗಣಿತದ ಮೇಷ್ಟ್ರ ಹೆಂಡತಿ. ಹಿಂದೆ ರೇಷ್ಮೆ ಬಿಚ್ಚುವವರ ಮನೆಯ ಹೆಂಗಸರು, ಜಂಗಮಕೋಟೆಯಿಂದ ಬಂದಿದ್ದ ಮಕ್ಕಳ ತಾಯಂದಿರು. ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿ, ಜೊತೆಗೆ ಅವರ ಹೆಂಡತಿ. ಅಷ್ಟು ಗಂಡಸರ ನಡುವೆ ಆಕೆ ಒಬ್ಬರೇ ಕೈ ಕಟ್ಟಿ ಕೂತಿದ್ದರು.

ಯಜಮಾನರು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಮಾತಾಡಿದರು. ಕೆಳಗಿಳಿದು ಮಕ್ಕಳ ನಡುವೆ ಬಂದೂ ಮಾತಾಡಿದರು. ಧ್ವನಿ ಹಾರ್ನಿನಿಂದ ಬರುತ್ತಿತ್ತು, ಮನುಷ್ಯ ಎಲ್ಲೋ ಇರುತ್ತಿದ್ದರು. ಜನ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಂದಿನಿಂದ ಹೋಗುವಾಗ ನನ್ನತ್ತ ಒಮ್ಮೆ ನೋಡಿ ಹುಬ್ಬು ಹಾರಿಸಿದರು, ಹೇಗಿದೆ ಎನ್ನುವಂತೆ. ನಾನು ತಲೆ ತಗ್ಗಿಸಿ ನಕ್ಕೆ.

ಆಮೇಲೆ ಹುಡುಗಿಯರ ಕೋಲಾಟ ಎಂದು ಹೇಳಿ ಅವರು ಪರದೆಯ ಹಿಂದಕ್ಕೆ ಹೋದರು. ಕೋಲಾಟದವರು ಸಾಲಾಗಿ ನಿಲ್ಲುವುದು ತಡವಾಯಿತು. ಮೈದಾನ ಸುಮ್ಮನಿತ್ತು. ಆಗ ಹಾರ್ನಿನಿಂದ ಹೆಡ್‌ಮಾಸ್ಟರ ಧ್ವನಿ, ದೂರದಿಂದ ಬಂದ ಹಾಗೆ, ಕೇಳಿಸಿತು.

"ನಿಮ್ಮ ಮನೆಯವರು ಬಂದಿದ್ದರೆ ಮೇಲಕ್ಕೆ ಕರೀರಿ. ಪಾಪ, ಅಧಿಕಾರಿಗಳ ಹೆಂಡತಿ ಒಬ್ಬರೇ ಕೂತಿದ್ದಾರೆ."

ತಕ್ಷಣ ಯಜಮಾನರ ಧ್ವನಿ, ತೀರ ಹತ್ತಿರದಿಂದ, ಕಿವಿಯಲ್ಲಿ ಹೇಳಿದಂತೆ: "ಬಂದಿಲ್ಲ ಸಾರ್. ಹುಷಾರಿಲ್ಲ."

"ಹೌದಾ? ಬೆಳಿಗ್ಗೆ ಚೆನ್ನಾಗೇ ಇದ್ದರಲ್ಲ."

"ಇಲ್ಲ ಸಾರ್... ಬಂದಿದ್ರೂ ಕರೆಯೋ ಹಾಗಿಲ್ಲ. ಬಾಯಿ ಬಿಟ್ರೆ ಅತ್ತೆ ಬಂತು, ಅಕ್ಕ ಹೋಯ್ತು ಅಂತಾಳೆ. ಅಂಥವರ ಪಕ್ಕದಲ್ಲಿ ಕೂರಿಸಿದ್ರೆ ನನ್ನ ಮಾನ ಹೋಗುತ್ತೆ. ಕೆಲವರು ಮನೇಲಿದ್ರೇ ಚೆಂದ ಬಿಡಿ."

ಗಂಡಸರ ಕಡೆಯಿಂದ ಯಾರೋ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಮೈದಾನದ ಆ ತುದಿಯಲ್ಲಿ ಹಾರ್ನಿನ ಹಗ್ಗ ಬಿಗಿಯುತ್ತಿದ್ದ ಸಾಹೇಬರು ಪಂಚೆ ಎತ್ತಿಕಟ್ಟಿ ಆಂಪ್ಲಿಫೈಯರಿನ ಕಡೆಗೆ ಓಡಿ ಬರುತ್ತಿದ್ದುದು ಕಾಣಿಸಿತು. ಅವರು ಬಂದು ಗುಂಡಿ ತಿರುಗಿಸುವ ಹೊತ್ತಿಗೆ ಮಾತು ಮುಗಿದಿತ್ತು.

ನನ್ನ ಕಿವಿ, ಕೆನ್ನೆ, ಕೊರಳು ಎಲ್ಲ ಉರಿಯತೊಡಗಿದವು. ಎದ್ದು ಹೋಗೋಣವೆನಿಸಿತು. ಎದ್ದರೆ ಆ ಹೆಂಗಸು ಇವಳೇ ಎಂದು ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಕೂತರೆ, ಗೊತ್ತಿದ್ದವರು ನೋಡುತ್ತಾರೆ. ಕೂತೆ. ಯಾರೂ ನೋಡಲಿಲ್ಲ. ಅದೇ ಕಷ್ಟವಾಗಿದ್ದು. ಅಷ್ಟು ಹೆಂಗಸರೂ ಒಟ್ಟಿಗೆ ವೇದಿಕೆಯನ್ನೇ ನೋಡತೊಡಗಿದರು, ಅಲ್ಲಿ ಕೋಲಾಟ ಇನ್ನೂ ಶುರುವಾಗಿರಲಿಲ್ಲ. ಗಣಿತದ ಮೇಷ್ಟ್ರ ಹೆಂಡತಿ ಸ್ವಲ್ಪ ಹೊತ್ತು ಬಿಟ್ಟು, "ಬಿಸಿಲು ಮುಖಕ್ಕೆ ಹೊಡೀತಿದೆ ಅಲ್ವಾ, ಈ ಕಡೆ ಬನ್ನಿ" ಎಂದು ನನ್ನನ್ನು ತಮ್ಮ ಮರೆಗೆ ಎಳೆದುಕೊಂಡರು. ಬಿಸಿಲು ಆಗಲೇ ಶಾಲೆಯ ಹಿಂದಕ್ಕೆ ಹೋಗಿತ್ತು.

ಕೋಲಾಟವಾಯಿತು. ಯಜಮಾನರು ಮತ್ತೆ ಬಂದು ಅದೇ ಧ್ವನಿಯಲ್ಲಿ ಮಾತೆಯರೇ, ಮಹನೀಯರೇ ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಪರದೆಯ ಹಿಂದೆ ಹುಡುಗಿಯರ ಗೆಜ್ಜೆ, ಹಾರ್ಮೋನಿಯಂ, ಗಲಾಟೆ. ಹಾರ್ನುಗಳೆಲ್ಲ ಜನರ ಕಡೆ ಮುಖ ಮಾಡಿದ್ದವು. ತಮ್ಮ ಮಾತು ಹೊರಗೆ ಹೋಗಿದ್ದು ಅವರಿಗೂ ಹೆಡ್‌ಮಾಸ್ಟರಿಗೂ ಕೇಳಿಸಿರಲಿಲ್ಲ.

ಮನೆಗೆ ಬಂದವರು ಕೋಟು ತೆಗೆಯುತ್ತಲೇ ಕೇಳಿದರು. "ಹೆಂಗಿತ್ತು?"

"ಚೆನ್ನಾಗಿ ಕೇಳಿಸ್ತು," ಎಂದೆ.

"ಎಲ್ಲೀವರೆಗೆ ಕೇಳಿಸ್ತು ಅಂತೀಯ? ರಸ್ತೆಯಾಚೆ ಅಂಗಡೀವರೆಗೂ ಕೇಳ್ತಂತೆ. ಇನ್ನು ಆ ಕಂಬದ ಮುಂದೆ ನಿಂತು ಮಾತಾಡೋ ಕಾಲ ಮುಗೀತು."

ನಾನು ಅಕ್ಕಿ ತೊಳೆಯುತ್ತಿದ್ದೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ, ಅದು ಬಂದಿದ್ದರೆ ಒಳ್ಳೆಯದಿತ್ತು. ಬರೀ ನಾಚಿಕೆ. ಮೈಮೇಲೆ ಏನೋ ಚೆಲ್ಲಿಕೊಂಡು ಬೀದಿಯಲ್ಲಿ ನಡೆದು ಬಂದ ಹಾಗೆ. ಅವರಿಗೆ ಊಟ ಬಡಿಸಿದೆ. ಪಲ್ಯಕ್ಕೆ ಉಪ್ಪು ಹದವಾಗಿದೆ ಎಂದರು.

ಮಾರನೆಯ ದಿನದಿಂದ ನನ್ನ ಮಾತು ಕಡಿಮೆಯಾಯಿತು. ನಲ್ಲಿಯ ಹತ್ತಿರ ನಿಂತಾಗ ಹೆಂಗಸರ ಸುದ್ದಿ ಬಂದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಗಂಡಸರ ವಿಚಾರವಾದರೆ ಧೈರ್ಯವಾಗಿ ಬಂದರು, ಹೋದರು ಎನ್ನುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಕೈ ತೋರಿಸುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಊರಿನವರು ನನ್ನ ವಿಷಯದಲ್ಲಿ ತುಂಬ ಒಳ್ಳೆಯವರಾಗಿಬಿಟ್ಟಿದ್ದರು. ನಲ್ಲಿಯ ಸಾಲಿನಲ್ಲಿ ನನ್ನ ಬಿಂದಿಗೆಯನ್ನು ಮುಂದಕ್ಕೆ ಬಿಡುವರು. ಹಬ್ಬಕ್ಕೆ ಎಂದೂ ಕರೆಯದವರು ಅರಿಶಿನ ಕುಂಕುಮಕ್ಕೆ ಕರೆದರು. ಒಬ್ಬರಾದರೂ ನೇರವಾಗಿ ಅಯ್ಯೋ ಹೀಗಾಯಿತಲ್ಲ ಎಂದಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆನೇನೋ.

ಒಂದು ದಿನ ಯಜಮಾನರು ಶಾಲೆಗೆ ಹೋಗಿದ್ದಾಗ ಮೈಕಿನ ಸಾಹೇಬರು ಬಂದರು. ಬಾಗಿಲಾಚೆಯೇ ನಿಂತರು. ನೀರು ಕೊಟ್ಟೆ. ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡು ಹೇಳಿದರು.

"ತಪ್ಪು ನಂದಮ್ಮ. ಹಳೇ ಮೈಕಾದ್ರೆ ಕಂಬದ ಮೇಲೇ ಇರ್ತಿತ್ತು. ಮೇಷ್ಟ್ರು ಎದ್ದು ಹೋದ್ರೆ ಅದು ಅಲ್ಲೇ ನಿಂತಿರ್ತಿತ್ತು. ಇದು ಅವರ ಜೊತೇಲೇ ಹೋಯ್ತು. ಅವರು ಒಳಗೆ ಹೋದಾಗ ನಾನು ಪೆಟ್ಟಿಗೆ ಹತ್ತಿರ ಇರಬೇಕಿತ್ತು. ಹಾರ್ನು ವಾಲ್ತಿದೆ ಅಂತ ಆ ಕಡೆ ಹೋದೆ."

"ಬಿಡಿ," ಎಂದೆ.

"ನಮ್ಮ ಮನೆಯವಳೂ ಅಲ್ಲೇ ಕೂತಿದ್ಲು. ಆ ಹೆಣ್ಣುಮಗಳ ಮುಖ ಇನ್ನು ಹೆಂಗೆ ನೋಡ್ತೀರಿ ಅಂತ ದಿನಾ ಕೇಳ್ತಾಳೆ. ಮೇಷ್ಟ್ರಿಗೆ ಹೇಳಣ ಅಂತ ಎರಡು ಸಲ ಸ್ಕೂಲ್ ತಾವ ಹೋದೆ. ಬಾಯಿ ಬರಲಿಲ್ಲ."

"ಹೇಳ್ಬೇಡಿ," ಎಂದೆ. ಅವರು ತಲೆ ಅಲ್ಲಾಡಿಸಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೋದರು. ಆ ಯಂತ್ರವನ್ನು ಅವರು ಮತ್ತೆ ಹೊರತೆಗೆಯಲಿಲ್ಲ. ಚಿಂತಾಮಣಿಯ ಹುಡುಗರು ಅದನ್ನು ಬಾಡಿಗೆಗೆ ಕೇಳಿ ಬಂದಾಗ ಕೆಟ್ಟುಹೋಗಿದೆ ಎಂದು ಕಳಿಸಿದರಂತೆ. ತಮ್ಮ ಕಸುಬನ್ನು ಉಳಿಸುತ್ತದೆ ಎಂದು ತಂದದ್ದು ಅದು.

ಯಜಮಾನರಿಗೆ ತಿಳಿದದ್ದು ತರಗತಿಯಲ್ಲಿ. ಹಾಜರಿ ಕೂಗುವಾಗ ಒಬ್ಬ ಹುಡುಗನ ಹೆಸರು ಬಂತು. ಹಿಂದಿನ ಬೆಂಚಿನಿಂದ ಯಾರೋ "ಬಂದಿಲ್ಲ ಸಾರ್, ಹುಷಾರಿಲ್ಲ" ಎಂದ. ಮಾತು ಸರಿಯಾಗಿಯೇ ಇತ್ತು, ಆದರೆ ಅದನ್ನು ಅವರದೇ ಧ್ವನಿಯಲ್ಲಿ ಎಳೆದು ಹೇಳಿದ್ದ. ತರಗತಿಯೆಲ್ಲ ನಕ್ಕಿತು. ಯಾಕೆ ನಗುತ್ತೀರಿ ಎಂದು ಕೇಳಿದರೆ ಎಲ್ಲರೂ ಪುಸ್ತಕದೊಳಗೆ ಮುಖ ಹಾಕಿದರು. ಅವರು ಹೊರಗೆ ಬಂದು ಶಾಲೆಯ ಜವಾನನನ್ನು ಕೇಳಿದರು. ಅವನು ಮೊದಲು ಏನಿಲ್ಲ ಅಂದ, ಆಮೇಲೆ ಹೇಳಿದ.

ಶಾಲೆ ಬಿಡುವ ಮೊದಲೇ ಮನೆಗೆ ಬಂದರು. ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತರು. ನಾನು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತೆ. ಮುಖ ನೋಡಿದ ಕೂಡಲೇ ಗೊತ್ತಾಯಿತು.

"ನೀನೂ ಕೇಳಿಸ್ಕೊಂಡ್ಯಾ?" ಎಂದರು.

"ಎಲ್ಲಾರೂ ಕೇಳಿಸ್ಕೊಂಡ್ರು."

"ಮತ್ತೆ ನನಗೆ ಹೇಳಲಿಲ್ಲ ಯಾಕೆ?"

ಹೇಳುವುದು ಹೇಗೆ? ನೀವು ನನ್ನ ಬಗ್ಗೆ ಹೀಗೆ ಅಂದಿರಿ ಎಂದು ಅವರಿಗೆ ಹೇಳಲು ಹೊರಟರೆ ಆ ಮಾತನ್ನು ನನ್ನ ಬಾಯಿಂದಲೇ ಮತ್ತೊಮ್ಮೆ ಆಡಬೇಕಾಗಿತ್ತು.

ಅವರು ಏನೋ ಹೇಳಲು ಹೋಗಿ ಗಂಟಲು ಸರಿಮಾಡಿಕೊಂಡರು. ಎದ್ದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಆ ವಾರವಿಡೀ ಶಾಲೆಗೆ ಹಿಂದಿನ ಓಣಿಯಿಂದ ಹೋಗಿ ಬಂದರು. ಅವರ ನಾಚಿಕೆ ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಬ್ಬರು ನಾಚಿಕೊಂಡವರು ಒಂದೇ ಮನೆಯಲ್ಲಿದ್ದರೆ ಕದ ತೆರೆಯುವ ಸದ್ದೂ ಜೋರಾಗಿ ಕೇಳುತ್ತದೆ.

ಸ್ವಾತಂತ್ರ್ಯ ದಿನ ಹತ್ತಿರ ಬಂತು. ಹಿಂದಿನ ದಿನ ಅವರು ಊಟದ ಎಲೆಯ ಮುಂದೆ ಕೂತು ಹೇಳಿದರು.

"ನಾಳೆ ನೀನು ಸ್ಟೇಜ್ ಮೇಲೆ ಕೂತ್ಕೋಬೇಕು. ಮಕ್ಕಳಿಗೆ ಬಹುಮಾನ ನೀನೇ ಕೊಡೋದು. ಹೆಡ್‌ಮಾಸ್ಟರಿಗೆ ಹೇಳಾಗಿದೆ."

"ಬೇಡ ರೀ."

"ಹಾಗಂದ್ರೆ ಹೆಂಗೆ? ನಾನು ಮಾಡಿದ್ದನ್ನ ನಾನೇ ಸರಿ ಮಾಡ್ಬೇಕು ತಾನೇ?"

ಆ ಒಂದು ಮಾತಿಗೆ ಸೋತು ಒಪ್ಪಿದೆ. ಅವರು ಕ್ಷಮೆ ಕೇಳಿದ್ದು ಅಂತ ಏನಾದರೂ ಇದ್ದರೆ ಅದೇ.

ವೇದಿಕೆಯ ಮೇಲೆ ಕಬ್ಬಿಣದ ಕುರ್ಚಿ. ಮುಂದೆ ಸಾಹೇಬರ ಹಳೆಯ ಮೈಕು, ಕಂಬಕ್ಕೆ ಕಚ್ಚಿಕೊಂಡು, ಕೆಳಗೆ ವೈರು ಹಾವಿನ ಹಾಗೆ ಸುರುಳಿ ಬಿದ್ದು. ಸಾಹೇಬರು ಈ ಸಲ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ. ಯಜಮಾನರು ನನ್ನ ಹೆಸರನ್ನು ದೊಡ್ಡ ದೊಡ್ಡ ಮಾತುಗಳ ನಡುವೆ ಇಟ್ಟು ಹೇಳಿದರು. ಸಹಧರ್ಮಿಣಿ ಅಂದರು, ಗೃಹಲಕ್ಷ್ಮಿ ಅಂದರು. ನಾನು ಎದ್ದು ನಿಂತೆ.

ಜನ ಚಪ್ಪಾಳೆ ತಟ್ಟಿದರು. ಮೊದಲು ಸಾಧಾರಣವಾಗಿ, ಆಮೇಲೆ ಜೋರಾಗಿ, ಆಮೇಲೆ ನಿಲ್ಲಿಸದೆ. ಅಧಿಕಾರಿಗಳು ಬಂದಾಗಲೂ ಯಾರೂ ಅಷ್ಟು ಹೊತ್ತು ತಟ್ಟಿರಲಿಲ್ಲ. ಯಾಕೆ ತಟ್ಟುತ್ತಿದ್ದಾರೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು, ನನಗೂ. ಗಣಿತದ ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಜಮಖಾನದ ಮೇಲೆ, ನೂರು ತಲೆಗಳ ನಡುವೆ ಇದ್ದೆ. ಈಗ ಎತ್ತರದಲ್ಲಿ ಒಬ್ಬಳೇ ನಿಂತಿದ್ದೆ. ಮೊದಲ ದಿನ ನನ್ನನ್ನು ಅರಿಯದವರೂ ಆ ದಿನ ಅರಿತರು. ಬಹುಮಾನದ ಲೋಟಗಳನ್ನು ಕೊಡುವಾಗ ಕೈತಪ್ಪಿ ಒಂದು ಲೋಟ ಬಿತ್ತು. ಮೈಕಿನಲ್ಲಿ ಅದರ ಸದ್ದು ಊರಿಗೆಲ್ಲ ಕೇಳಿತು.

ಮನೆಗೆ ನಡೆದು ಬರುವಾಗ ಯಜಮಾನರು ಹಗುರಾಗಿದ್ದರು. "ನೋಡಿದ್ಯಾ, ಜನ ಎಷ್ಟು ಪ್ರೀತಿಯಿಂದ ತಟ್ಟಿದ್ರು," ಎಂದರು.

ಹಿಪ್ಪುನೇರಳೆ ತೋಟದ ಬದುವಿನ ಹತ್ತಿರ ನಾನು ನಿಂತೆ. ಮದುವೆಯಾದಾಗಿನಿಂದ ಅವರೆದುರು ಅಷ್ಟು ಉದ್ದದ ಮಾತು ನಾನು ಆಡಿರಲಿಲ್ಲ.

"ಇನ್ನೊಂದ್ ಸಲ ನನ್ನ ಮೇಲಕ್ಕೆ ಕರೀಬೇಡಿ. ಅವತ್ತು ನೀವಂದಿದ್ದು ಅವರು ಮರೀತಿದ್ರು. ಇವತ್ತು ನೀವೇ ಮತ್ತೆ ನೆನಪು ಮಾಡಿದ್ರಿ. ನಿಮಗೆ ಭಾರ ಇಳೀತು, ನನಗೆ ಏರ್ತು. ನಿಮಗೆ ನನ್ನ ಮಾತು ಕೇಳೋಕೆ ನಾಚಿಕೆ ಆಗುತ್ತೆ ಅಂದ್ರೆ ಮನೇಲಿ, ನನ್ನ ಎದುರಿಗೆ ಹೇಳಿ. ಊರಿಗೆ ಹೇಳಿ ಬೈಬೇಡಿ, ಊರಿಗೆ ಹೇಳಿ ಹೊಗಳಲೂಬೇಡಿ."

ಅವರು ಬದುವಿನ ಗಿಡದಿಂದ ಒಂದು ಎಲೆ ಕಿತ್ತು ಮಡಚಿದರು. ಆಮೇಲೆ, "ನಾಚಿಕೆ ಆಗ್ತಿತ್ತು," ಎಂದರು. "ನಮ್ಮಪ್ಪನೂ ಹಳ್ಳಿ ಮಾತೇ ಆಡ್ತಿದ್ರು. ಹಾಸ್ಟೆಲಿಗೆ ಬಂದಾಗ ಅವರನ್ನೂ ಗೇಟಿಂದಲೇ ಕಳಿಸಿಬಿಡ್ತಿದ್ದೆ. ನನಗೆ ಈ ಕಾಯಿಲೆ ಮೊದಲಿಂದ ಇದೆ."

ಕಾಯಿಲೆ ಎನ್ನುವ ಮಾತನ್ನು ಅವರು ಸಣ್ಣ ಧ್ವನಿಯಲ್ಲಿ ಹೇಳಿದರು. ಅವರ ಆ ಧ್ವನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಅವರ ಮೇಲೆ ಕನಿಕರ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಆದರೆ ಅಲ್ಲಿಂದ ಮುಂದಕ್ಕೆ ಒಟ್ಟಿಗೆ ನಡೆದೆವು.

ಮುಂದಿನ ವರ್ಷ ಅವರೇ ಕೇಳಿಕೊಂಡು ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿಯ ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅರ್ಧ ಜನ ತೆಲುಗಿನವರೇ. ನನ್ನ ಬಾಯಿ ನಿಧಾನವಾಗಿ ಬಿಚ್ಚಿಕೊಂಡಿತು. ಯಜಮಾನರಿಗೆ ಅಲ್ಲಿಯೂ ಕರೆಗಳು ಬಂದವು. ಗಂಟಲು ಸರಿಯಿಲ್ಲ ಎಂದು ಬಹಳ ದಿನ ತಪ್ಪಿಸಿಕೊಂಡರು. ಕೊನೆಗೆ ಒಪ್ಪಿಕೊಂಡಾಗಲೂ ಮಾತು ಮುಗಿದ ಮೇಲೆ ಮೈಕಿನ ಸ್ವಿಚ್ಚನ್ನು ತಾವೇ ಒತ್ತಿ, ಬೆರಳಿಂದ ತಟ್ಟಿ ನೋಡಿ, ಆಮೇಲೆ ಇಳಿಯುತ್ತಿದ್ದರು. ಶಿಡ್ಲಘಟ್ಟದ ಸಾಹೇಬರು ಮೈಕಿನ ಅಂಗಡಿ ಮುಚ್ಚಿ ಮನೆತನದ ರೇಷ್ಮೆ ಕೆಲಸಕ್ಕೇ ಮರಳಿದರೆಂದು ಕೇಳಿದೆವು. ಟ್ರಾನ್ಸಿಸ್ಟರ್ ಸೆಟ್ಟಿನ ಹುಡುಗರೇ ಈಗ ಎಲ್ಲ ಕಡೆ.

ಒಮ್ಮೆ ನಾನೊಬ್ಬಳೇ ತವರಿಗೆ ಹೊರಟು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿ ನೋಡಿ ಹತ್ತಿರ ಬಂದಳು.

"ನೀವು ಶಿಡ್ಲಘಟ್ಟದಾಗಿದ್ರಲ್ವಾ ಅಮ್ಮಾ? ಹೈಸ್ಕೂಲು ಮೇಷ್ಟ್ರ ಮನೆಯೋರು?"

ಕಿವಿ ಬಿಸಿಯಾಯಿತು. ಅಲ್ಲ ಎಂದುಬಿಡೋಣವೆನಿಸಿತು. "ಹೂಂ," ಎಂದೆ.

"ಅದೇ ಅಂದ್ಕಂಡೆ. ನಮ್ ಮಗಳು ಅಲ್ಲೇ ಓದಿದ್ದು. ಕೋಲಾಟದಾಗಿದ್ಲು."

ನಾನು ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮುಂದಿನ ಮಾತಿಗೆ ಕಾದೆ. ಆಕೆ ಮಗಳ ಮದುವೆಯ ವಿಚಾರ ಹೇಳಿದಳು. ಬಾಗೇಪಲ್ಲಿಯ ಕಡೆ ಕೊಟ್ಟಿದ್ದಾರಂತೆ, ಬಾಣಂತನಕ್ಕೆ ಕರೆದುಕೊಂಡು ಬರಲು ಹೊರಟಿದ್ದಾಳಂತೆ. ಕನ್ನಡದಲ್ಲಿ ಶುರುಮಾಡಿ ಅರ್ಧಕ್ಕೇ ತೆಲುಗಿಗೆ ಹೊರಳಿದಳು. ನಾನೂ ತೆಲುಗಿನಲ್ಲೇ ಹೂಂಗುಟ್ಟಿದೆ. ಅವಳ ಬಸ್ಸು ಬಂತು. ಹೋಗುವ ಮೊದಲು ಬುಟ್ಟಿಯಿಂದ ಒಂದು ತುಂಡು ಕನಕಾಂಬರ ಕಿತ್ತು ನನ್ನ ಕೈಗೆ ಕೊಟ್ಟಳು. ಆಕೆಗೆ ಆ ದಿನದ ಮಾತು ನೆನಪಿತ್ತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ನನ್ನ ಬಸ್ಸು ಬಂದು, ಹತ್ತಿ, ಕಿಟಕಿಯ ಗಾಳಿಗೆ ಕೂತ ಮೇಲೂ ಕೆನ್ನೆ ತಣ್ಣಗಾಗಲು ಬಹಳ ದೂರ ಹೋಗಬೇಕಾಯಿತು.